ಸೋಲಿನಲ್ಲೂ ದಾಖಲೆ: ವೈಟ್ ಸಾಕ್ಸ್ 121 ಬಾರಿ ಮುಗ್ಗರಿಸಿದ್ದು ಹೇಗೆ?

2024ರ ಸೆಪ್ಟೆಂಬರ್ 27, ಶುಕ್ರವಾರ ರಾತ್ರಿ. ಅಮೆರಿಕದ ಡೆಟ್ರಾಯ್ಟ್ ನಗರದ ಕೊಮೆರಿಕಾ ಪಾರ್ಕ್ ಕ್ರೀಡಾಂಗಣದಲ್ಲಿ ನಡೆದ ಒಂದೇ ಪಂದ್ಯ ಎರಡು ಇತಿಹಾಸಗಳಿಗೆ ಸಾಕ್ಷಿಯಾಯಿತು. ಆತಿಥೇಯ ಡೆಟ್ರಾಯ್ಟ್ ಟೈಗರ್ಸ್ ತಂಡ 4-1ರಿಂದ ಗೆದ್ದು, 2014ರ ನಂತರ ಮೊದಲ ಬಾರಿಗೆ ಪ್ಲೇಆಫ್ ಹಂತಕ್ಕೆ ಲಗ್ಗೆ ಇಟ್ಟಿತು. ಸೋತದ್ದು ಷಿಕಾಗೊ ವೈಟ್ ಸಾಕ್ಸ್. ಅದು ಆ ಋತುವಿನಲ್ಲಿ ತಂಡ ಅನುಭವಿಸಿದ 121ನೇ ಪರಾಭವ. 1900ರಿಂದೀಚೆಗೆ ಅಮೆರಿಕದ ಯಾವ ವೃತ್ತಿಪರ ಬೇಸ್‌ಬಾಲ್ ತಂಡವೂ ಮೇಜರ್ ಲೀಗ್‌ನ ಒಂದೇ ಋತುವಿನಲ್ಲಿ ಅಷ್ಟು ಪಂದ್ಯಗಳನ್ನು ಸೋತಿರಲಿಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ಅಮೆರಿಕನ್ ಲೀಗ್‌ನಲ್ಲಿ ಅತಿ ಹೆಚ್ಚು ಸೋಲು ಕಂಡ ಅಪಕೀರ್ತಿ ಅಲ್ಲಿಯವರೆಗೆ ಇದೇ ಟೈಗರ್ಸ್ ತಂಡದ ಹೆಸರಿನಲ್ಲಿತ್ತು. 2003ರಲ್ಲಿ ಅದು 119 ಪಂದ್ಯಗಳನ್ನು ಕಳೆದುಕೊಂಡಿತ್ತು. ಮೂರೇ ವರ್ಷಗಳ ನಂತರ, 2006ರಲ್ಲಿ, ಅದೇ ತಂಡ ವರ್ಲ್ಡ್ ಸೀರೀಸ್ ತಲುಪಿತು.

ಕ್ರಿಕೆಟ್ ನೋಡಿ ಬೆಳೆದ ಓದುಗರಿಗೆ 121 ಎಂಬ ಸಂಖ್ಯೆಯ ಗಾತ್ರ ತಕ್ಷಣ ಹೊಳೆಯಲಾರದು. ಮೇಜರ್ ಲೀಗ್ ಬೇಸ್‌ಬಾಲ್‌ನ ಪ್ರತಿ ತಂಡ ಮಾರ್ಚ್ ಅಂತ್ಯದಿಂದ ಸೆಪ್ಟೆಂಬರ್ ಅಂತ್ಯದವರೆಗೆ, ಹೆಚ್ಚು ಕಡಿಮೆ ಪ್ರತಿದಿನ ಎಂಬಂತೆ, 162 ಪಂದ್ಯಗಳನ್ನು ಆಡುತ್ತದೆ. ಈ ದೀರ್ಘ ಪಯಣದಲ್ಲಿ ಅತ್ಯುತ್ತಮ ತಂಡವೂ ಅರುವತ್ತರ ಆಸುಪಾಸು ಪಂದ್ಯಗಳನ್ನು ಸೋಲುತ್ತದೆ. ಅತಿ ದುರ್ಬಲ ತಂಡವೂ ಸುಮಾರು ಅರುವತ್ತು ಪಂದ್ಯಗಳನ್ನು ಗೆಲ್ಲುತ್ತದೆ. 2024ರಲ್ಲಿ ಚಾಂಪಿಯನ್ ಆದ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡವೇ ಲೀಗ್ ಹಂತದಲ್ಲಿ 64 ಬಾರಿ ಸೋತಿತ್ತು.

ಇದಕ್ಕೆ ಕಾರಣ ಆಟದ ಸ್ವರೂಪದಲ್ಲಿಯೇ ಇದೆ. ಬೇಸ್‌ಬಾಲ್‌ನಲ್ಲಿ ಪಂದ್ಯದ ಗತಿಯನ್ನು ಬಹುಮಟ್ಟಿಗೆ ನಿರ್ಧರಿಸುವವನು ಚೆಂಡೆಸೆಯುವ ಪಿಚರ್. ಪಂದ್ಯ ಆರಂಭಿಸುವ ಪಿಚರ್‌ನ ತೋಳಿಗೆ ನಾಲ್ಕೈದು ದಿನಗಳ ವಿಶ್ರಾಂತಿ ಅನಿವಾರ್ಯ. ಹೀಗಾಗಿ ಪ್ರತಿ ತಂಡವೂ ಐವರು ಪಿಚರ್‌ಗಳನ್ನು ಸರದಿಯಲ್ಲಿ ಕಣಕ್ಕಿಳಿಸುತ್ತದೆ. ಬಲಿಷ್ಠ ತಂಡದ ಐದನೇ ಪಿಚರ್ ಎದುರು ದುರ್ಬಲ ತಂಡದ ಮೊದಲನೇ ಪಿಚರ್ ನಿಂತ ದಿನ ಲೆಕ್ಕಾಚಾರ ತಲೆಕೆಳಗಾಗುವುದು ಸಹಜ. ಈ ಆಟದಲ್ಲಿ 100 ಸೋಲೆಂದರೇ ಅವಮಾನ. 120ರ ಗಡಿ ದಾಟಲು ಬರೀ ದೌರ್ಬಲ್ಯ ಸಾಲದು. ಎಲ್ಲ ವಿಭಾಗಗಳೂ ಒಟ್ಟಿಗೆ ಕುಸಿಯಬೇಕು.

ಹಿಂದಿನ ಸೋಲುಗಾರರು

ವೈಟ್ ಸಾಕ್ಸ್ ಅಳಿಸಿ ಹಾಕಿದ್ದು ನ್ಯೂಯಾರ್ಕ್ ಮೆಟ್ಸ್ ತಂಡದ 1962ರ ದಾಖಲೆಯನ್ನು. ಆ ವರ್ಷ ಮೆಟ್ಸ್ 40 ಗೆದ್ದು 120 ಸೋತಿತ್ತು. ಆದರೆ ಅದು ಮೆಟ್ಸ್ ತಂಡದ ಜನ್ಮವರ್ಷ. ಇತರ ತಂಡಗಳು ಬೇಡವೆಂದು ಬಿಟ್ಟುಕೊಟ್ಟ ಆಟಗಾರರನ್ನು ಕಟ್ಟಿಕೊಂಡು, ವಯೋವೃದ್ಧ ಮ್ಯಾನೇಜರ್ ಕೇಸಿ ಸ್ಟೆಂಗಲ್ ಅವರ ಹಾಸ್ಯಪ್ರಜ್ಞೆಯನ್ನೇ ಬಂಡವಾಳ ಮಾಡಿಕೊಂಡು ಅದು ಕಣಕ್ಕಿಳಿದಿತ್ತು. ನಗರ ಆ ಸೋಲುಗಳನ್ನು ಮಗುವಿನ ತೊದಲುನುಡಿಯಂತೆ ಮುದ್ದಿನಿಂದಲೇ ಸ್ವೀಕರಿಸಿತು. 1969ರಲ್ಲಿ ಮೆಟ್ಸ್ ವರ್ಲ್ಡ್ ಸೀರೀಸ್ ಗೆದ್ದಿತು.

ಇನ್ನೂ ಹಿಂದಕ್ಕೆ ಹೋದರೆ 1899ರ ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್ ಸಿಗುತ್ತದೆ. ಗೆದ್ದದ್ದು 20, ಸೋತದ್ದು 134! ಅದರ ಮಾಲೀಕ ಸಹೋದರರು ಸೇಂಟ್ ಲೂಯಿಸ್ ತಂಡವನ್ನೂ ಕೊಂಡು, ಸೈ ಯಂಗ್ ಸೇರಿದಂತೆ ಒಳ್ಳೆಯ ಆಟಗಾರರನ್ನೆಲ್ಲ ಅಲ್ಲಿಗೆ ಸಾಗಿಸಿದ್ದರು. ಪ್ರೇಕ್ಷಕರೇ ಬಾರದ್ದರಿಂದ ತಂಡ ಬಹುತೇಕ ಪಂದ್ಯಗಳನ್ನು ಪರಸ್ಥಳಗಳಲ್ಲಿ ಆಡಿ, ಋತು ಮುಗಿದ ಮೇಲೆ ಅಸ್ತಿತ್ವವನ್ನೇ ಕಳೆದುಕೊಂಡಿತು. ಮಾಲೀಕನ ತೀರ್ಮಾನ ತಂಡವೊಂದನ್ನು ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ ಸ್ಪೈಡರ್ಸ್ ಹಳೆಯ ನಿದರ್ಶನ.

ಶೇಕಡಾವಾರು ಲೆಕ್ಕದಲ್ಲಿ ವೈಟ್ ಸಾಕ್ಸ್ ಅತಿ ಕಳಪೆಯಲ್ಲ ಎಂಬುದನ್ನೂ ಹೇಳಬೇಕು. ಅದು ಆಡಿದ ಪಂದ್ಯಗಳಲ್ಲಿ ಶೇ 25.3ರಷ್ಟನ್ನು ಗೆದ್ದಿತು, ಮೆಟ್ಸ್ ಗೆದ್ದದ್ದು ಶೇ 25. ಋತುವಿನ ಪಂದ್ಯಗಳೇ ಕಡಿಮೆ ಇದ್ದ 1916ರಲ್ಲಿ ಫಿಲಡೆಲ್ಫಿಯಾ ಅಥ್ಲೆಟಿಕ್ಸ್ 36 ಗೆದ್ದು 117 ಸೋತಿತ್ತು. ಈ ಸಮಾಧಾನ ಷಿಕಾಗೊದ ಅಭಿಮಾನಿಗಳಿಗೆ ಎಷ್ಟು ಹಿತ ನೀಡಿತೋ ತಿಳಿಯದು. ಏಕೆಂದರೆ ವೈಟ್ ಸಾಕ್ಸ್ ಹೊಸ ತಂಡವಲ್ಲ. 1901ರಲ್ಲಿ ಅಮೆರಿಕನ್ ಲೀಗ್ ಮೇಜರ್ ಲೀಗ್ ದರ್ಜೆ ಪಡೆದಾಗಿನಿಂದಲೂ ಇರುವ ತಂಡ. 2005ರಲ್ಲಿ ವರ್ಲ್ಡ್ ಸೀರೀಸ್ ಗೆದ್ದು 88 ವರ್ಷಗಳ ಬರ ನೀಗಿಸಿಕೊಂಡ ತಂಡ. ಅಷ್ಟೇಕೆ, ದಾಖಲೆಯ ಸೋಲಿಗೆ ಕೇವಲ ಮೂರು ವರ್ಷ ಮೊದಲು, 2021ರಲ್ಲಿ, 93 ಪಂದ್ಯಗಳನ್ನು ಗೆದ್ದು ತನ್ನ ವಿಭಾಗದ ಅಗ್ರಸ್ಥಾನದಲ್ಲಿತ್ತು. 93 ಗೆಲುವಿನಿಂದ 41 ಗೆಲುವಿಗೆ ಜಾರಿದ್ದು ಹೇಗೆ?

ಕಟ್ಟಿದ್ದು, ಕೆಡವಿದ್ದು

ಉತ್ತರ ಹುಡುಕಲು 2016ರ ಡಿಸೆಂಬರ್‌ಗೆ ಹೋಗಬೇಕು. ಅಂದು ವೈಟ್ ಸಾಕ್ಸ್ ಆಡಳಿತ ತನ್ನ ಶ್ರೇಷ್ಠ ಪಿಚರ್ ಕ್ರಿಸ್ ಸೇಲ್ ಅವರನ್ನು ಬಾಸ್ಟನ್ ರೆಡ್ ಸಾಕ್ಸ್‌ಗೆ ಬಿಟ್ಟುಕೊಟ್ಟು, ಪ್ರತಿಯಾಗಿ ಯೋವಾನ್ ಮೊಂಕಾಡಾ, ಮೈಕೆಲ್ ಕೋಪೆಕ್ ಮೊದಲಾದ ಯುವಕರನ್ನು ಪಡೆಯಿತು. ಮರುವರ್ಷ ಹೊಸೆ ಕ್ವಿಂಟಾನಾ ಅವರನ್ನು ಅದೇ ನಗರದ ಕಬ್ಸ್ ತಂಡಕ್ಕೆ ಕೊಟ್ಟು ಎಲೋಯ್ ಹಿಮೆನೆಜ್ ಮತ್ತು ಡಿಲನ್ ಸೀಸ್ ಅವರನ್ನು ತಂದಿತು. ಈ ವಿಧಾನಕ್ಕೆ ಅಮೆರಿಕದಲ್ಲಿ ‘ಪುನರ್ನಿರ್ಮಾಣ’ ಎಂಬ ಗೌರವದ ಹೆಸರಿದೆ. ಇಂದಿನ ತಾರೆಯರನ್ನು ಮಾರಿ ನಾಳಿನವರನ್ನು ಕೂಡಿಹಾಕುವುದು, ನಡುವಿನ ಕೆಲವು ವರ್ಷಗಳ ಸೋಲನ್ನು ಹಲ್ಲುಕಚ್ಚಿ ಸಹಿಸುವುದು ಇದರ ತಿರುಳು.

ಇದು ಬರೀ ಕನಸಿನ ಗಂಟಾಗಿರಲಿಲ್ಲ. 2011ರಿಂದ 2013ರವರೆಗೆ ಪ್ರತಿವರ್ಷವೂ ನೂರಕ್ಕೂ ಹೆಚ್ಚು ಪಂದ್ಯ ಸೋತ ಹ್ಯೂಸ್ಟನ್ ಆಸ್ಟ್ರೋಸ್ 2017ರಲ್ಲಿ ಚಾಂಪಿಯನ್ ಆಯಿತು (ಆ ಗೆಲುವಿಗೆ ಸಂಕೇತ ಕದ್ದ ಕಳಂಕ ಅಂಟಿದ್ದು ಬೇರೆ ಮಾತು). 2012ರಲ್ಲಿ 101 ಪಂದ್ಯ ಸೋತ ಕಬ್ಸ್ 2016ರಲ್ಲಿ ಕಿರೀಟ ಧರಿಸಿತು. ವೈಟ್ ಸಾಕ್ಸ್ ಕೂಡ 2018ರಲ್ಲಿ 100 ಪಂದ್ಯ ಸೋತು, 2020 ಮತ್ತು 2021ರಲ್ಲಿ ಪ್ಲೇಆಫ್ ತಲುಪಿದಾಗ ಯೋಜನೆ ಫಲಿಸಿತೆಂದೇ ಎಲ್ಲರೂ ಭಾವಿಸಿದರು.

ಆದರೆ ಅಡಿಪಾಯ ಎದ್ದ ಮೇಲೆ ಮಾಡು ಹೊದಿಸಲಿಲ್ಲ. ತಂಡದ ಮಾಲೀಕ ಜೆರ್ರಿ ರೈನ್ಸ್‌ಡಾರ್ಫ್ 2020ರ ಅಕ್ಟೋಬರ್‌ನಲ್ಲಿ, 76 ವರ್ಷದ ಟೋನಿ ಲಾ ರೂಸಾ ಅವರನ್ನು ಮ್ಯಾನೇಜರ್ ಹುದ್ದೆಗೆ ಕರೆತಂದರು. ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್ ಎಂದರೆ ಪ್ರತಿದಿನದ ಆಡುವ ಬಳಗವನ್ನೂ ಪಂದ್ಯದ ತಂತ್ರವನ್ನೂ ನಿರ್ಧರಿಸುವ ಮುಖ್ಯ ತರಬೇತುದಾರ. ಲಾ ರೂಸಾ ಈ ಕ್ಷೇತ್ರದ ದಿಗ್ಗಜ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ 2011ರ ನಂತರ ಅವರು ಯಾವ ತಂಡವನ್ನೂ ಮುನ್ನಡೆಸಿರಲಿಲ್ಲ. 1986ರಲ್ಲಿ ಇದೇ ತಂಡದಿಂದ ಅವರನ್ನು ಕೈಬಿಟ್ಟದ್ದಕ್ಕಾಗಿ ರೈನ್ಸ್‌ಡಾರ್ಫ್ ದಶಕಗಳ ಕಾಲ ಪರಿತಪಿಸಿದ್ದರು. ಹಳೆಯ ಋಣ ತೀರಿಸುವ ಆಸೆ ತಂಡದ ಅಗತ್ಯಕ್ಕಿಂತ ಮೇಲಾಯಿತು ಎಂದು ಭಾವಿಸಲು ಕಾರಣಗಳಿವೆ.

2022ರಲ್ಲಿ ತಂಡ 81 ಗೆದ್ದು 81 ಸೋತಿತು. ಅನಾರೋಗ್ಯದಿಂದಾಗಿ ಲಾ ರೂಸಾ ಹಿಂದೆ ಸರಿದರು. 2023ರಲ್ಲಿ ಸೋಲು 101ಕ್ಕೇರಿತು. ಆ ವರ್ಷದ ಆಗಸ್ಟ್‌ನಲ್ಲಿ ದೀರ್ಘಕಾಲದ ಆಡಳಿತಗಾರರಾದ ಕೆನ್ ವಿಲಿಯಮ್ಸ್ ಮತ್ತು ರಿಕ್ ಹಾನ್ ಇಬ್ಬರನ್ನೂ ಒಂದೇ ದಿನ ಮನೆಗೆ ಕಳುಹಿಸಲಾಯಿತು. ಅವರ ಸ್ಥಾನಕ್ಕೆ ಹೊರಗಿನವರನ್ನು ಹುಡುಕುವ ಗೋಜಿಗೆ ಹೋಗದೆ, ಸಂಸ್ಥೆಯೊಳಗೇ ಇದ್ದ ಕ್ರಿಸ್ ಗೆಟ್ಜ್ ಅವರಿಗೆ ಹತ್ತೇ ದಿನಗಳೊಳಗೆ ಬಡ್ತಿ ನೀಡಲಾಯಿತು. ಹೊಸ ಜನರಲ್ ಮ್ಯಾನೇಜರ್ ಮಾಡಿದ್ದೇನು? ಮೊದಲ ಪುನರ್ನಿರ್ಮಾಣದ ಅವಶೇಷಗಳ ಮೇಲೆ ಎರಡನೆಯದಕ್ಕೆ ಗುದ್ದಲಿಪೂಜೆ! 2024ರ ಮಾರ್ಚ್‌ನಲ್ಲಿ, ಋತು ಆರಂಭಕ್ಕೆ ಎರಡು ವಾರಗಳಿದ್ದಾಗ, ಪ್ರಮುಖ ಪಿಚರ್ ಡಿಲನ್ ಸೀಸ್ ಸ್ಯಾನ್ ಡಿಯಾಗೊ ಪಾಡ್ರೇಸ್ ಪಾಲಾದರು.

ಆರು ತಿಂಗಳ ಕುಸಿತ

ಆರಂಭವೇ ಭೀಕರವಾಗಿತ್ತು. ಮೊದಲ 25 ಪಂದ್ಯಗಳಲ್ಲಿ 22 ಸೋಲು. ಬ್ಯಾಟಿಂಗ್ ಆಧಾರವಾಗಬೇಕಿದ್ದ ಲೂಯಿಸ್ ರಾಬರ್ಟ್, ಮೊಂಕಾಡಾ, ಹಿಮೆನೆಜ್ ಮೂವರೂ ಮೊದಲ ಎರಡು ವಾರಗಳಲ್ಲೇ ಗಾಯಗೊಂಡರು. ಮೊಂಕಾಡಾ ಇಡೀ ಋತುವಿನಲ್ಲಿ ಆಡಿದ್ದು 12 ಪಂದ್ಯ ಮಾತ್ರ. ಅವರ ಜಾಗ ತುಂಬಬಲ್ಲವರು ತಂಡದಲ್ಲಿರಲಿಲ್ಲ.

ದುರದೃಷ್ಟವೂ ಜೊತೆಗೂಡಿತು. ಮೇ 23ರಂದು ತವರಿನಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ವಿರುದ್ಧ ಕೊನೆಯ ಇನ್ನಿಂಗ್ಸ್‌ನಲ್ಲಿ ವೈಟ್ ಸಾಕ್ಸ್ ಹೋರಾಡಿ ಅಂತರವನ್ನು 8-6ಕ್ಕೆ ಇಳಿಸಿತ್ತು. ಒಬ್ಬ ಮಾತ್ರ ಔಟ್. ಮೊದಲ ಮತ್ತು ಎರಡನೇ ಬೇಸ್‌ಗಳಲ್ಲಿ ಓಟಗಾರರಿದ್ದರು. ಆಂಡ್ರೂ ಬೆನಿಂಟೆಂಡಿ ಹೊಡೆದ ಚೆಂಡು ನೇರ ಆಕಾಶಕ್ಕೆ ಚಿಮ್ಮಿತು. ಇಂಥ ಸುಲಭ ಕ್ಯಾಚನ್ನು ಬೇಕೆಂದೇ ಕೈಚೆಲ್ಲಿ ಇಬ್ಬರು ಓಟಗಾರರನ್ನು ಬಲೆಗೆ ಬೀಳಿಸದಿರಲೆಂದು, ಹಿಡಿಯುವ ಮೊದಲೇ ಬ್ಯಾಟರ್ ಔಟ್ ಎಂದು ಸಾರುವ ನಿಯಮವಿದೆ. ಅಂಪೈರ್ ಹಾಗೆಯೇ ಸಾರಿದರು. ಆದರೆ ಎರಡನೇ ಬೇಸ್‌ಗೆ ಮರಳುತ್ತಿದ್ದ ಆಂಡ್ರೂ ವಾನ್ ಕ್ಷೇತ್ರರಕ್ಷಕ ಗನ್ನರ್ ಹೆಂಡರ್ಸನ್ ಅವರ ದಾರಿಗೆ ಅಡ್ಡ ಬಂದರೆಂದು ಅವರನ್ನೂ ಔಟ್ ಎಂದು ಘೋಷಿಸಲಾಯಿತು. ಹೆಂಡರ್ಸನ್ ಕ್ಯಾಚನ್ನು ಯಾವ ತೊಡಕೂ ಇಲ್ಲದೆ ಹಿಡಿದಿದ್ದರು! ಪಂದ್ಯ ಅಲ್ಲಿಗೇ ಮುಗಿಯಿತು.

ಆ ಹೊತ್ತಿಗೆ ಆರಂಭವಾಗಿದ್ದ ಸೋಲಿನ ಸರಪಣಿ 14 ಪಂದ್ಯಗಳವರೆಗೆ ಸಾಗಿತು. ಜುಲೈ 10ರಿಂದ ಮತ್ತೊಂದು ಸರಪಣಿ; ಅದು 21ಕ್ಕೆ ತಲುಪಿ, 1988ರಲ್ಲಿ ಓರಿಯೋಲ್ಸ್ ಬರೆದಿದ್ದ ಅಮೆರಿಕನ್ ಲೀಗ್ ದಾಖಲೆಯನ್ನು ಸರಿಗಟ್ಟಿತು. ಅಂದಹಾಗೆ, 1988ರಲ್ಲಿ ಓರಿಯೋಲ್ಸ್ ತನ್ನ ಸರಪಣಿ ಕಡಿದುಕೊಂಡದ್ದು ಷಿಕಾಗೊದಲ್ಲಿ, ಇದೇ ವೈಟ್ ಸಾಕ್ಸ್ ತಂಡವನ್ನು ಮಣಿಸಿ. ಆಗಸ್ಟ್ ಅಂತ್ಯದಲ್ಲಿ ಮೂರನೇ ಸರಪಣಿ, 12 ಸೋಲು.

ನಡುವಿನ ಸರಪಣಿಯ ಕಾಲದಲ್ಲಿ ನಡೆದದ್ದು ಗಮನಾರ್ಹ. ಆಟಗಾರರ ವಿನಿಮಯಕ್ಕೆ ಜುಲೈ ಅಂತ್ಯದ ಗಡುವು ಸಮೀಪಿಸಿತ್ತು. ಸೋಲು ಬೆಳೆಯುತ್ತಿರುವಾಗಲೇ ಆಡಳಿತ ಪಿಚರ್‌ಗಳಾದ ಎರಿಕ್ ಫೆಡ್ಡಿ, ಮೈಕೆಲ್ ಕೋಪೆಕ್, ಬ್ಯಾಟರ್ ಟಾಮಿ ಫ್ಯಾಮ್ ಹಾಗೂ ಎಲೋಯ್ ಹಿಮೆನೆಜ್ ಅವರನ್ನು ಎರಡೇ ದಿನಗಳಲ್ಲಿ ಬಿಟ್ಟುಕೊಟ್ಟಿತು. ಸೋಲುತ್ತಿದ್ದ ತಂಡಕ್ಕೆ ಗೆಲ್ಲುವ ಶಕ್ತಿ ತುಂಬುವುದು ಯಾರ ಆದ್ಯತೆಯೂ ಆಗಿರಲಿಲ್ಲ. ಆಗಸ್ಟ್ 6ರಂದು ಓಕ್ಲೆಂಡ್‌ನಲ್ಲಿ 5-1ರ ಗೆಲುವಿನೊಂದಿಗೆ ಸರಪಣಿ ಕಡಿಯಿತು. ಎರಡು ದಿನಗಳ ನಂತರ ಮ್ಯಾನೇಜರ್ ಪೆಡ್ರೊ ಗ್ರಿಫೋಲ್ ಅವರ ತಲೆದಂಡವಾಯಿತು. ಅವರ ಲೆಕ್ಕ 28 ಗೆಲುವು, 89 ಸೋಲು. ಹಂಗಾಮಿಯಾಗಿ ಬಂದ ಮಾಜಿ ಆಟಗಾರ ಗ್ರೇಡಿ ಸೈಜ್‌ಮೋರ್ ಅವರದು 13 ಮತ್ತು 32. ಮ್ಯಾನೇಜರ್ ಬದಲಾದರೂ ಗತಿ ಬದಲಾಗಲಿಲ್ಲ. ಆಡುವ ಕೈಗಳೇ ಇಲ್ಲದಿದ್ದಾಗ ಬದಲಾಗುವುದು ಹೇಗೆ?

ಅಂಕಿಅಂಶವೂ ಅದನ್ನೇ ಸಾರುತ್ತದೆ. ತಂಡ ಗಳಿಸಿದ್ದು 507 ರನ್, ಬಿಟ್ಟುಕೊಟ್ಟದ್ದು 813. ಎಂದರೆ ಪಂದ್ಯಕ್ಕೆ ಮೂರಕ್ಕಿಂತ ತುಸು ಹೆಚ್ಚು ಗಳಿಕೆ, ಐದರಷ್ಟು ವೆಚ್ಚ. ರನ್‌ಗಳ ಇಂಥ ಅನುಪಾತಕ್ಕೆ ಸಾಮಾನ್ಯವಾಗಿ 45ರಿಂದ 48 ಗೆಲುವು ದಕ್ಕುತ್ತದೆ ಎನ್ನುತ್ತದೆ ಬೇಸ್‌ಬಾಲ್ ಗಣಿತ. ಹಾಗಾಗಿ ಅದೃಷ್ಟ ಕಸಿದುಕೊಂಡದ್ದು ನಾಲ್ಕರಿಂದ ಏಳು ಪಂದ್ಯಗಳನ್ನು ಮಾತ್ರ. ಉಳಿದದ್ದೆಲ್ಲ ಸ್ವಯಂಕೃತ.

ಈ ಕತ್ತಲೆಯಲ್ಲಿ ಬೆಳಗಿದ ಹೆಸರು ಗ್ಯಾರೆಟ್ ಕ್ರೋಶೆ. ಮೊದಲ ಬಾರಿಗೆ ಆರಂಭಿಕ ಪಿಚರ್ ಜವಾಬ್ದಾರಿ ಹೊತ್ತ ಈ ಎಡಗೈ ಆಟಗಾರ 146 ಇನ್ನಿಂಗ್ಸ್‌ಗಳಲ್ಲಿ 209 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿದರು. ಡಿಸೆಂಬರ್‌ನಲ್ಲಿ ಅವರನ್ನೂ ನಾಲ್ವರು ಯುವಕರಿಗೆ ಬದಲಾಗಿ ಬಾಸ್ಟನ್‌ಗೆ ಬಿಟ್ಟುಕೊಡಲಾಯಿತು. ಎಂಟು ವರ್ಷಗಳ ಹಿಂದೆ ಸೇಲ್ ಹೋದ ದಾರಿಯಲ್ಲೇ, ಅದೇ ತಂಡಕ್ಕೆ!

ಸೋತರೆ ನಷ್ಟ ಯಾರಿಗೆ?

ಇಂಗ್ಲೆಂಡಿನ ಫುಟ್‌ಬಾಲ್ ಲೀಗ್‌ನಲ್ಲಿ ಕೊನೆಯ ಸ್ಥಾನಗಳಲ್ಲಿ ಉಳಿಯುವ ತಂಡ ಕೆಳಗಿನ ದರ್ಜೆಗೆ ಇಳಿಯುತ್ತದೆ. ಆದಾಯಕ್ಕೂ ಮಾನಕ್ಕೂ ಒಟ್ಟಿಗೆ ಪೆಟ್ಟು. ಅಮೆರಿಕದಲ್ಲಿ ಹಿಂಬಡ್ತಿ ಎಂಬುದಿಲ್ಲ. 121 ಸೋತರೂ ಮರುವರ್ಷ ಅದೇ ಲೀಗ್, ಅದೇ 162 ಪಂದ್ಯ. ರಾಷ್ಟ್ರೀಯ ದೂರದರ್ಶನ ಪ್ರಸಾರದ ಹಣ 30 ತಂಡಗಳಿಗೂ ಸಮನಾಗಿ ಹಂಚಿಕೆಯಾಗುತ್ತದೆ. ಮೇಲಾಗಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಡ್ರಾಫ್ಟ್‌ನಲ್ಲಿ ದುರ್ಬಲ ತಂಡಗಳಿಗೇ ಮುಂಗಡ ಸರದಿ.

ಸೋಲನ್ನೇ ಹಂಬಲಿಸುವ ಈ ಪ್ರವೃತ್ತಿಗೆ ಕಡಿವಾಣ ಹಾಕಲು 2022ರ ಕಾರ್ಮಿಕ ಒಪ್ಪಂದದಲ್ಲಿ ಲಾಟರಿ ಪದ್ಧತಿ ತರಲಾಯಿತು. ಪ್ಲೇಆಫ್ ತಲುಪದ ತಂಡಗಳ ನಡುವೆ ಮೊದಲ ಆರು ಸರದಿಗಳಿಗೆ ಚೀಟಿ ಎತ್ತಲಾಗುತ್ತದೆ. ತೀರಾ ಕೆಳಗಿನ ಮೂರು ತಂಡಗಳಿಗೆ ಮೊದಲ ಸರದಿಯ ಸಂಭವ ತಲಾ ಶೇ 16.5. ಜೊತೆಗೆ ಇನ್ನೊಂದು ಷರತ್ತಿದೆ. ಆದಾಯ ಹಂಚಿಕೆಯ ನೆರವು ಪಡೆಯದ ದೊಡ್ಡ ನಗರದ ತಂಡ ಸತತ ಎರಡು ವರ್ಷ ಈ ಲಾಟರಿಯ ಫಲ ಉಣ್ಣುವಂತಿಲ್ಲ. 2024ರ ಡ್ರಾಫ್ಟ್‌ನಲ್ಲಿ ಐದನೇ ಸರದಿ ಪಡೆದಿದ್ದ ವೈಟ್ ಸಾಕ್ಸ್‌ಗೆ ಇದು ಅಡ್ಡಬಂತು. 1900ರಿಂದೀಚೆಗೆ ಒಂದೇ ಋತುವಿನಲ್ಲಿ ಅತಿ ಹೆಚ್ಚು ಸೋತ ತಂಡಕ್ಕೆ 2025ರ ಡ್ರಾಫ್ಟ್‌ನಲ್ಲಿ ಸಿಕ್ಕಿದ್ದು ಹತ್ತನೇ ಸರದಿ. ಸೋತು ಗೆಲ್ಲುವ ಲೆಕ್ಕಾಚಾರವೂ ಸೋತಿತ್ತು.

ಬೇರೆ ದಾರಿ ಇರಲಿಲ್ಲವೇ? ಅದೇ ವಿಭಾಗದ ಕಾನ್ಸಾಸ್ ಸಿಟಿ ರಾಯಲ್ಸ್ 2023ರಲ್ಲಿ 106 ಪಂದ್ಯ ಸೋತಿತ್ತು. ಷಿಕಾಗೊಗಿಂತ ಚಿಕ್ಕ ನಗರ. ಆದರೆ ಅದರ ಆಡಳಿತ ಯುವತಾರೆ ಬಾಬಿ ವಿಟ್ ಜೂನಿಯರ್ ಅವರನ್ನು ದೀರ್ಘ ಒಪ್ಪಂದದಲ್ಲಿ ಉಳಿಸಿಕೊಂಡು, ಸೆಥ್ ಲುಗೊ ಮತ್ತು ಮೈಕೆಲ್ ವಾಚಾ ಎಂಬ ಅನುಭವಿ ಪಿಚರ್‌ಗಳಿಗೆ ಹಣ ಸುರಿಯಿತು. 2024ರಲ್ಲಿ ರಾಯಲ್ಸ್ 86 ಪಂದ್ಯ ಗೆದ್ದು ಪ್ಲೇಆಫ್ ಸೇರಿತು. ಆ 86ರಲ್ಲಿ 12 ಗೆಲುವು ಬಂದದ್ದು ವೈಟ್ ಸಾಕ್ಸ್ ವಿರುದ್ಧ, 13 ಪಂದ್ಯಗಳಲ್ಲಿ.

ಬೆಲೆ ತೆತ್ತವರು ಅಭಿಮಾನಿಗಳು. 2006ರಲ್ಲಿ ಸುಮಾರು 29.5 ಲಕ್ಷ ಪ್ರೇಕ್ಷಕರನ್ನು ಸೆಳೆದಿದ್ದ ತಂಡದ ತವರು ಪಂದ್ಯಗಳಿಗೆ 2024ರಲ್ಲಿ ಬಂದವರು ಸುಮಾರು 13.8 ಲಕ್ಷ. ನಗರದ ದಕ್ಷಿಣ ಭಾಗದ ಶ್ರಮಿಕ ಕುಟುಂಬಗಳಲ್ಲಿ ಈ ತಂಡದ ಮೇಲಿನ ನಿಷ್ಠೆ ತಲೆಮಾರುಗಳಿಂದ ಹರಿದುಬಂದ ಆಸ್ತಿ. ಅವರ ಆತಂಕ ಬರೀ ಅಂಕಪಟ್ಟಿಯದಾಗಿರಲಿಲ್ಲ. ಅದೇ ವರ್ಷದ ಆರಂಭದಲ್ಲಿ ರೈನ್ಸ್‌ಡಾರ್ಫ್ ಹೊಸ ಕ್ರೀಡಾಂಗಣಕ್ಕೆ ಸಾರ್ವಜನಿಕ ಹಣದ ನೆರವು ಕೋರಿದ್ದರು. ಅದಕ್ಕೂ ಮುನ್ನ ನ್ಯಾಶ್‌ವಿಲ್ ನಗರದ ಮೇಯರ್ ಅವರನ್ನು ಭೇಟಿಯಾಗಿದ್ದರು. 1988ರಲ್ಲಿ ತಂಡ ಫ್ಲಾರಿಡಾಕ್ಕೆ ವಲಸೆ ಹೋಗುವ ಭಯ ಹುಟ್ಟಿದಾಗ, ಇಲಿನಾಯ್ ಶಾಸನಸಭೆ ಮಧ್ಯರಾತ್ರಿಯ ಗಡುವಿನಲ್ಲಿ ಕ್ರೀಡಾಂಗಣದ ಮಸೂದೆ ಅಂಗೀಕರಿಸಿದ್ದನ್ನು ಹಿರಿಯರು ಮರೆತಿಲ್ಲ.

ಸೆಪ್ಟೆಂಬರ್ 24ರಿಂದ 26ರವರೆಗೆ, ತವರಿನ ಕೊನೆಯ ಮೂರು ಪಂದ್ಯಗಳಲ್ಲಿ, ವಿಚಿತ್ರ ದೃಶ್ಯ ಕಂಡಿತು. ದಾಖಲೆಯ ಸೋಲನ್ನು ಕಣ್ಣಾರೆ ನೋಡಲೆಂದೇ ಕೆಲವರು ಬಂದಿದ್ದರು. ತಂಡ ಮಾರಿಬಿಡಿ ಎಂಬ ಘೋಷಣೆ ಮಾಲೀಕನನ್ನು ಉದ್ದೇಶಿಸಿ ಮೊಳಗಿತು. ಲಾಸ್ ಏಂಜಲೀಸ್ ಏಂಜಲ್ಸ್ ವಿರುದ್ಧದ ಆ ಮೂರೂ ಪಂದ್ಯಗಳನ್ನು ವೈಟ್ ಸಾಕ್ಸ್ ಗೆದ್ದುಬಿಟ್ಟಿತು! ಡೆಟ್ರಾಯ್ಟ್‌ನಲ್ಲಿ ದಾಖಲೆಯ ಸೋಲು ಕಂಡ ಮೇಲೂ ಉಳಿದೆರಡು ಪಂದ್ಯಗಳನ್ನು ಗೆದ್ದಿತು. ಕೊನೆಯ ಆರರಲ್ಲಿ ಐದು ಗೆಲುವು.

2025ರಲ್ಲಿ ಹೊಸ ಮ್ಯಾನೇಜರ್ ವಿಲ್ ವೆನೆಬಲ್ ಕೈಕೆಳಗೆ ತಂಡ 60 ಗೆದ್ದು 102 ಸೋತಿತು. ಅದೇ ವರ್ಷ ಕೊಲರಾಡೊ ರಾಕೀಸ್ 119 ಪಂದ್ಯಗಳನ್ನು ಸೋತು ದಾಖಲೆಯ ಸಮೀಪಕ್ಕೆ ಬಂದು ನಿಂತಿತು. ಜೂನ್‌ನಲ್ಲಿ ಉದ್ಯಮಿ ಜಸ್ಟಿನ್ ಇಶ್ಬಿಯಾ ಅವರೊಂದಿಗೆ ರೈನ್ಸ್‌ಡಾರ್ಫ್ ಒಪ್ಪಂದ ಪ್ರಕಟಿಸಿದರು. ಅದರಂತೆ 2029ಕ್ಕೆ ಮೊದಲು ತಂಡದ ಹಿಡಿತ ಕೈಬದಲಾಗದು. ಡಿಸೆಂಬರ್‌ನಲ್ಲಿ ನಡೆದ ಲಾಟರಿಯಲ್ಲಿ 2026ರ ಡ್ರಾಫ್ಟ್‌ನ ಮೊದಲ ಸರದಿ ಕಡೆಗೂ ವೈಟ್ ಸಾಕ್ಸ್‌ಗೆ ಒಲಿಯಿತು.

ನಡುವೆ, 2025ರ ಮೇ ತಿಂಗಳಲ್ಲಿ ಷಿಕಾಗೊ ಮೂಲದ ಲಿಯೋ 14ನೇ ಪೋಪ್ ಆಗಿ ಆಯ್ಕೆಯಾದಾಗ, ಅವರು ವೈಟ್ ಸಾಕ್ಸ್ ಅಭಿಮಾನಿ ಎಂಬುದು ಬೆಳಕಿಗೆ ಬಂತು. 2005ರ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯದ ದೂರದರ್ಶನ ದೃಶ್ಯಾವಳಿಯಲ್ಲಿ ಅವರು ಪ್ರೇಕ್ಷಕರ ನಡುವೆ ಕುಳಿತಿರುವುದು ಪತ್ತೆಯಾಯಿತು. ಆ ರಾತ್ರಿ ವೈಟ್ ಸಾಕ್ಸ್ ಹ್ಯೂಸ್ಟನ್ ಆಸ್ಟ್ರೋಸ್ ತಂಡವನ್ನು 5-3ರಿಂದ ಸೋಲಿಸಿತ್ತು. ಅವರು ಕುಳಿತಿದ್ದ 140ನೇ ವಿಭಾಗದ 19ನೇ ಸಾಲಿನ ಎರಡನೇ ಆಸನದ ಬಳಿ ಈಗ ಅವರ ಚಿತ್ರವಿದೆ. ಪಂದ್ಯಕ್ಕೆ ಬಂದವರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.